ಮಾವನ ಟಗರು, ಅಜ್ಜನ ಬಾತಾ

ಐಪೆರಿಗೆ ಬೇಕಾಗಿದ್ದದ್ದು ಒಂದು ಸಣ್ಣ ವಿಡಿಯೋ, ಅಷ್ಟೆ. ಶಾರ್ಷೆನ್‌ಗೆ ಬೇಕಾಗಿದ್ದದ್ದು ಒಂದು ಕುದುರೆ. ಈ ಎರಡು ಆಸೆಗಳು ಒಂದೇ ದಿನ, ಒಂದೇ ಡೇರೆಯ ಬಾಗಿಲಲ್ಲಿ ಡಿಕ್ಕಿ ಹೊಡೆಯದೆ ಹೋಗಿದ್ದರೆ ಕಾಶ್ಕಾ ಸೂ ಕಮರಿಯ ಜನ ಅವತ್ತು ಬಾಯಿ ತೆರೆದುಕೊಂಡು ನಿಲ್ಲುವ ಪ್ರಸಂಗ ಬರುತ್ತಿರಲಿಲ್ಲ.

ಶಾರ್ಷೆನ್ ಮನೆಅಳಿಯ. ಕರಾಕೋಲ್ ಪೇಟೆಯಲ್ಲಿ ಮಿನಿಬಸ್ ಓಡಿಸಿಕೊಂಡಿದ್ದವನು. ಆ ಬಸ್ಸು ಮುದಿಯಾಗಿ ನಡುದಾರಿಯಲ್ಲೇ ಪ್ರಾಣ ಬಿಟ್ಟ ಮೇಲೆ, ಹೆಂಡತಿ ಬುರುಲ್ ಜೊತೆ ಮಾವ ಬೈಸಾಲರ ಬೇಸಿಗೆ ಹುಲ್ಲುಗಾವಲಿಗೆ ಬಂದು ಸೇರಿಕೊಂಡಿದ್ದ. ಹುಲ್ಲುಗಾವಲಿನಲ್ಲಿ ಗಂಡಸಿಗೆ ಕುದುರೆ ಇಲ್ಲ ಎಂದರೆ ಕಾಲೇ ಇಲ್ಲ ಎಂದು ಅರ್ಥ. ಶಾರ್ಷೆನ್‌ಗೆ ಇದ್ದದ್ದು ಒಂದು ಕತ್ತೆ. ಅವನು ಅದರ ಮೇಲೆ ಕುಳಿತರೆ ಎರಡೂ ಪಾದ ನೆಲಕ್ಕೆ ತಾಗುತ್ತಿದ್ದವು. ಕತ್ತೆ ನಡೆಯುತ್ತಿದೆಯೋ ಇವನೇ ನಡೆಯುತ್ತಿದ್ದಾನೋ ದೂರದಿಂದ ನೋಡಿದವರಿಗೆ ತಿಳಿಯುತ್ತಿರಲಿಲ್ಲ.

ಪಕ್ಕದ ಡೇರೆಯ ಜಿಪಾರ್ ಅಕ್ಕ ಅವನು ಹಾದುಹೋದಾಗಲೆಲ್ಲ ತಪ್ಪದೆ ಕೇಳುತ್ತಿದ್ದಳು: “ಶಾರ್ಷೆನ್, ಪಾಪ, ಕತ್ತೇನ ಎಲ್ಲಿಗಪ್ಪಾ ಎತ್ಕೊಂಡು ಹೋಗ್ತಿದ್ದೀಯ?”

ಅವತ್ತು ಬೆಳಿಗ್ಗೆ ಬುರುಲ್ ಮತ್ತು ಅತ್ತೆ ಕೆಳಗಿನ ಬಯಲಿನಲ್ಲಿ ಯಾರದೋ ಮಗುವಿನ ತೊಟ್ಟಿಲ ಶಾಸ್ತ್ರಕ್ಕೆ ಹೊರಟುಹೋಗಿದ್ದರು. ಮಾವನೂ ಜೀನು ಬಿಗಿದು ಹೊರಟರು. ಬೈಸಾಲ್ ಮಾವ ಮಾತನ್ನು ಬರಗಾಲದ ಉಪ್ಪಿನ ಹಾಗೆ ಚಿಟಿಕೆ ಚಿಟಿಕೆ ಬಳಸುವ ಮನುಷ್ಯ.

“ಗುಡ್ಡದಾಚೆ ಕಮರಿಗೆ ಹೋಗ್ಬರ್ತೀನಿ. ಯಾರಾದ್ರೂ ಬಂದ್ರೆ ನನ್ನ ಮಾನ ಕಳೀಬೇಡ. ಟಗರು ಜೋಪಾನ.”

“ಆಯ್ತು ಮಾವ.”

“ಒಂದು ಕೂದಲು ಕೊಂಕಬಾರದು.” ಮಾವ ಕುದುರೆ ಹತ್ತಿ, ಆಚೆ ಗೂಟಕ್ಕೆ ಕಟ್ಟಿದ್ದ ಕತ್ತೆಯ ಕಡೆ ಒಮ್ಮೆ ನೋಡಿದರು. ಅವರ ಮುಖದಲ್ಲಿ ನೋವು ಕಾಣಿಸಿತು. “ಟಗರು ನೆಟ್ಟಗಿದ್ರೆ ಇವತ್ತು ನಿನ್ನ ಕುದುರೆ ವಿಷಯ ಮುಗಿಸಿಬಿಡೋಣ.”

ಅವರು ತಿರುವಿನಲ್ಲಿ ಮರೆಯಾದ ಮೇಲೂ ಶಾರ್ಷೆನ್ ಕೈ ಎತ್ತಿಕೊಂಡೇ ನಿಂತಿದ್ದ. ಕುದುರೆ! ಅವನು ತಕ್ಷಣ ಹೋಗಿ ಟಗರಿಗೆ ನೀರು ಇಟ್ಟ. ನೆರಳಿಗೆ ಎಳೆದು ಕಟ್ಟಿದ. ಮೂಗಿನ ಮೇಲಿದ್ದ ನೊಣ ಓಡಿಸಿದ. ಅದು ಸಾಮಾನ್ಯ ಟಗರಲ್ಲ. ಬೆನ್ನು ಊಟದ ಮಣೆಯಷ್ಟು ಅಗಲ; ಕೊಬ್ಬಿದ ಬಾಲ, ಎರಡು ದಿಂಬು ಸೇರಿಸಿ ಹೊಲಿದು ಹಿಂದೆ ಕಟ್ಟಿದ ಹಾಗೆ. ತಳಿಗೆಂದು ಸಾಕಿದ ಪ್ರಾಣಿ. ಅದು ನಡೆದು ಬರುವಾಗ ನಾಯಿಗಳು ಕೂಡ ಎದ್ದು ದಾರಿ ಬಿಡುತ್ತಿದ್ದವು.

ಬಿಸಿಲು ಸ್ವಲ್ಪ ಏರಿದ ಮೇಲೆ ಕಮರಿಯ ಹಾದಿಯಲ್ಲಿ ಮೂವರು ಕಾಣಿಸಿದರು. ರಾಜಧಾನಿ ಬಿಷ್ಕೆಕ್‌ನ ಎಳೆಯ ದಂಪತಿ, ಐಪೆರಿ ಮತ್ತು ಅಜಮತ್, ಬೆನ್ನಿಗೆ ಚೀಲ ಹಾಕಿಕೊಂಡು ಏದುಸಿರು ಬಿಡುತ್ತಾ ಬರುತ್ತಿದ್ದರು. ಅವರ ಹಿಂದೆ ಕುದುರೆ ಮೇಲೆ ಒಬ್ಬ ಅಜ್ಜ. ತಲೆಗೆ ಬಿಳಿ ಕಂಬಳಿಯ ಟೋಪಿ, ಎದೆ ತನಕ ಗಡ್ಡ. ದಂಪತಿಯ ದೊಡ್ಡ ಗಂಟನ್ನು ಅಜ್ಜ ತನ್ನ ಜೀನಿನ ಮೇಲೆ ಇಟ್ಟುಕೊಂಡಿದ್ದ.

“ನಮ್ಮ ತಾತಂದಿರು ಹೇಗೆ ಬದುಕ್ತಿದ್ರು ಅಂತ ನೋಡೋಕೆ ಬಂದ್ವಿ ಅಣ್ಣ,” ಎಂದಳು ಐಪೆರಿ. “ಪೇಟೇಲಿ ಹುಟ್ಟಿ, ಕುದುರೆ ಹಾಲು ಬಾಟ್ಲೀಲಿ ಬರತ್ತೆ ಅಂತ್ಲೇ ಅಂದ್ಕೊಂಡಿದ್ದೆ ನಾನು.”

ಅಜ್ಜ ಇಳಿದು, “ಬೈಸಾಲ್ ಇದಾನಾ?” ಎಂದು ಕೇಳಿದ.

“ಮಾವ ಹೊರಗೆ ಹೋಗಿದಾರೆ ಅಜ್ಜ. ಸಂಜೆಗೆ ಬರ್ತಾರೆ.”

“ಕಾಯ್ತೀನಿ,” ಎಂದು ಅಜ್ಜ ನೇರ ಟಗರಿನ ಹತ್ತಿರ ಹೋಗಿ ಅದರ ಸುತ್ತ ಬಂದ. ಬೆನ್ನು ಒತ್ತಿ ನೋಡಿದ. ತುಟಿ ಸರಿಸಿ ಹಲ್ಲು ನೋಡಿದ. ಮೊಮ್ಮಗಳ ಜೊತೆ ಪೇಟೆಯಿಂದ ಬಂದ ಮುದುಕ, ಟಗರನ್ನೇ ಕಂಡಿಲ್ಲವೇನೋ ಪಾಪ ಎಂದುಕೊಂಡ ಶಾರ್ಷೆನ್. ಮನೆಗೆ ಬಂದವರನ್ನು ನೀವು ಯಾರು, ಏತಕ್ಕೆ ಬಂದಿರಿ ಎಂದು ಕೇಳುವ ಪದ್ಧತಿ ಅಲ್ಲಿಲ್ಲ. ಹಿರಿಯರು ತಮ್ಮ ವ್ಯವಹಾರವನ್ನು ಹಿರಿಯರೊಂದಿಗೇ ಮಾತಾಡುತ್ತಾರೆ, ಮನೆಅಳಿಯನ ಹತ್ತಿರ ಅಲ್ಲ. ಹಾಗಾಗಿ ಇವನು ಕೇಳಲಿಲ್ಲ, ಅಜ್ಜ ಹೇಳಲಿಲ್ಲ.

ಅಜ್ಜನನ್ನು ಡೇರೆಯೊಳಗೆ ಬಾಗಿಲಿಗೆ ಎದುರಾದ ಗೌರವದ ಜಾಗದಲ್ಲಿ ಕೂರಿಸಿ, ಮುಂದೆ ಹಿಟ್ಟಿನ ತುಂಡು ಕರಿದ ಬೊರ್ಸೊಕ್, ಬೆಣ್ಣೆ, ಹುಳಿ ಬಂದ ಕುದುರೆ ಹಾಲು ಇಟ್ಟದ್ದಾಯಿತು. ಐಪೆರಿ ಹೊರಗೆ ಎಲ್ಲವನ್ನೂ ಮಾಡಿ ನೋಡಿದಳು. ಸಗಣಿ ಬೆರಣಿ ಆಯ್ದಳು. ಹಾಲಿನ ಚರ್ಮದ ಚೀಲಕ್ಕೆ ಕೋಲು ಹಾಕಿ ಕಡೆದಳು. ಹುಳಿ ಹಾಲು ಕುಡಿದು, ಔಷಧಿ ಕುಡಿದ ಮಗುವಿನ ಹಾಗೆ ಮುಖ ಮಾಡಿ, “ಚೆನ್ನಾಗಿದೆ,” ಎಂದಳು. ಗಂಡ ಮೊಬೈಲ್ ಹಿಡಿದು ಎಲ್ಲವನ್ನೂ ತೆಗೆಯುತ್ತಿದ್ದ.

“ಅಣ್ಣ, ಅತಿಥಿಗೆ ಅಂತ ಕುರಿ ತಂದು ನಿಲ್ಸಿ, ಕಡಿಯೋ ಮುಂಚೆ ಹಿರಿಯರ ಆಶೀರ್ವಾದ, ಬಾತಾ ಕೇಳ್ತಾರಲ್ಲ, ಅದೊಂದು ತೋರ್ಸಿ,” ಎಂದಳು ಐಪೆರಿ. “ಕಡಿಯೋದು ಗಿಡಿಯೋದು ಬೇಡ. ಸುಮ್ನೆ ವಿಡಿಯೋಗೆ.”

ಶಾರ್ಷೆನ್‌ಗೆ ಉತ್ಸಾಹ ಬಂತು. ಅತಿಥಿಗಳ ಮುಂದೆ ಮಾನ ಕಳೆಯಬೇಡ ಎಂದು ಮಾವ ಹೇಳಿರಲಿಲ್ಲವೇ? “ಅದಕ್ಕೇನಂತೆ,” ಎಂದು ಕುರಿ ಹಿಂಡಿನ ಕಡೆ ಹೊರಟ. ಆದರೆ ಹಿಂಡು ಆಗಲೇ ಮೇಲಿನ ಇಳಿಜಾರು ಸೇರಿತ್ತು. ಹತ್ತಿರ ಇದ್ದದ್ದು ಒಂದೇ.

“ಅದೇ ಇರ್ಲಿ ಅಣ್ಣ! ಎಷ್ಟು ಮುದ್ದಾಗಿದೆ!”

ಶಾರ್ಷೆನ್ ಟಗರನ್ನು ಬಿಚ್ಚಿ ತಂದು ಡೇರೆಯ ಬಾಗಿಲಲ್ಲಿ ನಿಲ್ಲಿಸಿದ. ಬಾಗಿಲ ಪರದೆ ಎತ್ತಿ, ಎರಡೂ ಅಂಗೈ ಮುಂದೆ ಚಾಚಿ, ನಾಟಕದ ರಾಜನ ಹಾಗೆ ಗಂಟಲು ಏರಿಸಿ ಕೂಗಿದ: “ಅಜ್ಜಾ, ಬಾತಾ ಕೊಡಿ!”

ಒಳಗೆ ಬೊರ್ಸೊಕ್ ಬಾಯಿಗಿಡುತ್ತಿದ್ದ ಅಜ್ಜನ ಕೈ ಅಲ್ಲೇ ನಿಂತಿತು. ಅವನು ಟಗರನ್ನು ನೋಡಿದ, ಶಾರ್ಷೆನ್‌ನನ್ನು ನೋಡಿದ, ಮತ್ತೆ ಟಗರನ್ನು ನೋಡಿದ. ಬಣ್ಣ ಇಳಿದುಹೋದ ಮುಖದಲ್ಲಿ, “ಇದನ್ನಾ?” ಎಂದ.

“ನಿಮಗಲ್ದೆ ಇನ್ಯಾರಿಗೆ ಅಜ್ಜ!” ಎಂದ ಶಾರ್ಷೆನ್. ಅಜ್ಜನೂ ಚೆನ್ನಾಗಿ ಅಭಿನಯ ಮಾಡುತ್ತಿದ್ದಾನೆ ಎಂದು ಖುಷಿಯಾಯಿತು.

ಅಜ್ಜ ಕೈಯಲ್ಲಿದ್ದ ಬೊರ್ಸೊಕ್ ತಟ್ಟೆಗೆ ವಾಪಸ್ ಇಟ್ಟ. ಆಮೇಲೆ ನಿಧಾನಕ್ಕೆ ಅಂಗೈ ತೆರೆದು ಕಣ್ಣು ಮುಚ್ಚಿದ. “ಈ ಮನೆಯ ಒಲೆ ಆರದಿರ್ಲಿ, ಮಂದೆ ಹೆಚ್ಚಲಿ, ಕೊಟ್ಟ ಕೈಗೆ ಕೊರತೆ ಬಾರದಿರ್ಲಿ. ಓಮಿನ್.” ಕೈಗಳು ಮುಖದ ಮೇಲೆ ಇಳಿದವು. ಶಾರ್ಷೆನ್ ಕೂಡ ಮುಖ ಸವರಿಕೊಂಡ. ಟಗರು ಮಾತ್ರ ಸುಮ್ಮನೆ ಮೆಲುಕು ಹಾಕುತ್ತಿತ್ತು.

“ಸೂಪರ್!” ಎಂದು ಐಪೆರಿ ಚಪ್ಪಾಳೆ ತಟ್ಟಿದಳು.

ಶಾರ್ಷೆನ್ ಟಗರಿನ ಹಗ್ಗ ಹಿಡಿದು ಗೂಟದ ಕಡೆ ತಿರುಗಿದ. ಅಷ್ಟರಲ್ಲಿ ಪಕ್ಕದ ಡೇರೆಯಿಂದ ಜಿಪಾರ್ ಅಕ್ಕ, ಕೈಗೆ ಮೆತ್ತಿದ ಹಿಟ್ಟಿನ ಸಮೇತ ಓಡಿ ಬಂದಳು.

“ಅಯ್ಯಯ್ಯೋ, ಎಲ್ಲಿಗೋ ಕರ್ಕೊಂಡು ಹೋಗ್ತಿದ್ದೀಯ ಅದನ್ನ? ಕಟ್ಟೋಕಾ? ಬಾತಾ ಆಗಿದೆ! ನಾನೇ ಕಿವಿಯಾರೆ ಕೇಳ್ದೆ!”

“ಅದು ವಿಡಿಯೋಗೆ ಅಕ್ಕ.”

“ವಿಡಿಯೋಗೆ ಬಾತಾನಾ? ಹಂಗಾದ್ರೆ ನಿನ್ನ ಮದುವೇನೂ ವಿಡಿಯೋಗೆ ಅಂತ್ಲೇ ಮಾಡ್ಕೊಂಡ್ಯಾ?” ಅಕ್ಕ ಅವನ ಕೈಯಿಂದ ಹಗ್ಗ ಕಿತ್ತುಕೊಂಡಳು. “ಹಿರಿಯರು ಕೈ ಎತ್ತಿ ಹರಸಿದ ಪ್ರಾಣೀನ ವಾಪಸ್ ಗೂಟಕ್ಕೆ ಕಟ್ಟಿದವರು ಉದ್ಧಾರ ಆಗಿದ್ದು ಎಲ್ಲಾದ್ರೂ ಉಂಟಾ? ನಿನಗೆ ಮಕ್ಕಳು ಮರಿ ಬೇಡ್ವಾ? ಮುಕಾಯ್! ಏ ಮುಕಾಯ್! ಕತ್ತಿ ತಗೊಂಡು ಬಾ! ಬೈಸಾಲಣ್ಣನ ಮನೇಲಿ ದೊಡ್ಡ ಟಗರು ಕಡೀತಿದಾರೆ!”

ಶಾರ್ಷೆನ್‌ಗೆ ಕಾಲ ಕೆಳಗಿನ ನೆಲ ಒಮ್ಮೆ ಜಾರಿ ಮತ್ತೆ ಬಂದು ಸೇರಿದ ಹಾಗಾಯಿತು. ಪೇಟೆಯವನಾದರೂ ಅವನೂ ಇದೇ ಜನರ ಮಗ. ಬಾತಾ ಎಂದರೆ ಏನೆಂದು ಅವನ ಹೊಟ್ಟೆಗೆ ಗೊತ್ತಿತ್ತು, ತಲೆಗೆ ಮಾತ್ರ ತಡವಾಗಿ ತಿಳಿಯಿತು.

ಮುಕಾಯ್ ಬಂದ. ಆ ಬಯಲಿನ ಎಲ್ಲ ಸಂಗತಿಗಳ ಬಗ್ಗೆಯೂ ಅಭಿಪ್ರಾಯ ಇರುವ, ಯಾವ ಸಂಗತಿಯನ್ನೂ ಪೂರ್ತಿ ತಿಳಿಯದ ಮನುಷ್ಯ. ಅವನ ಹಿಂದೆ ಹೆಂಗಸರು ಹಿಟ್ಟು, ಈರುಳ್ಳಿ, ಲಟ್ಟಣಿಗೆ ಹಿಡಿದು ಬಂದರು. ಯಾರೋ ಆಗಲೇ ಕಡಾಯಿಗೆ ನೀರು ತುಂಬಿದರು. ಒಲೆಗೆ ಬೆರಣಿ ಬಿತ್ತು. ಶಾರ್ಷೆನ್ ಉಕ್ಕುವ ಹಾಲಿನ ಮುಂದೆ ಸೌಟು ಸಿಗದೆ ನಿಂತ ಹೊಸ ಸೊಸೆಯ ಹಾಗೆ ಅತ್ತ ಇತ್ತ ತಿರುಗಿದ.

“ದಾರಿ ಒಂದೇ,” ಎಂದ ಮುಕಾಯ್ ಕಿವಿಯಲ್ಲಿ. “ಅಜ್ಜನೇ ಬೇಡ ಅನ್ಬೇಕು. ಅವರ ಬಾಯಿಂದ್ಲೇ ಬರ್ಬೇಕು. ಹೋಗಿ ಸೂಕ್ಷ್ಮವಾಗಿ ಮಾತಾಡು.”

ಶಾರ್ಷೆನ್ ಒಳಗೆ ಹೋಗಿ ಮಂಡಿಯೂರಿ ಕುಳಿತ. ಅಜ್ಜ ಬಟ್ಟಲು ಹಿಡಿದುಕೊಂಡಿದ್ದ, ಕುಡಿಯುತ್ತಿರಲಿಲ್ಲ.

“ಅಜ್ಜ, ಈ ಟಗರು ಸ್ವಲ್ಪ ಕೊಬ್ಬು ಜಾಸ್ತಿ.”

ಅಜ್ಜನ ಕಣ್ಣು ಹೊಳೆಯಿತು. “ಜಾಸ್ತಿ ಅಂದ್ರೆ? ವಿಪರೀತ ಕಣಪ್ಪಾ! ನನಗೆ ಕೊಬ್ಬು ಆಗೋದೇ ಇಲ್ಲ.”

“ಹೌದಾ? ಹಂಗಾದ್ರೆ ಹೊಟ್ಟೆಗೆ ಹಗುರವಾಗಿ ಇರೋ ಅಂಥದ್ದು...”

“ಹೌದಪ್ಪ, ಒಂದು ಸಣ್ಣ ಕುರಿಮರಿ ಆದ್ರೂ ನಡೀತಿತ್ತು. ಅದೂ ಬೇಡ, ಒಂದು ಕೋಳಿ...” ಅಜ್ಜ ಇನ್ನೇನು ಪೂರ್ತಿ ಹೇಳಿಬಿಡುತ್ತಿದ್ದ.

“ಕೋಳೀನಾ!” ಜಿಪಾರ್ ಅಕ್ಕ ಪರದೆ ಸರಿಸಿ ಒಳಗೆ ನುಗ್ಗಿದಳು. “ಶಾರ್ಷೆನ್, ನಾಚಿಕೆ ಆಗಲ್ವಾ? ಅಜ್ಜ ಸಂಕೋಚಕ್ಕೆ ಹಂಗಂತಾರೆ, ನೀನು ಅದನ್ನೇ ಹಿಡ್ಕೊಂಡು ಜಗ್ತೀಯಲ್ಲ! ಅಜ್ಜಾ, ನೀವು ಸುಮ್ನೆ ಕೂತ್ಕೊಳಿ. ಬೈಸಾಲಣ್ಣನ ಮನೇಲಿ ಅತಿಥಿಗೆ ಕೋಳಿ ಕುಯ್ದ್ರು ಅಂದ್ರೆ ಈ ಕಮರೀಲಿ ನಾವ್ಯಾರೂ ತಲೆ ಎತ್ತಿ ತಿರುಗೋ ಹಾಗಿಲ್ಲ.”

ಅಜ್ಜನ ಕಣ್ಣಿನ ಹೊಳಪು ಆರಿತು. “ಮನೆಯವರ ಇಷ್ಟ,” ಎಂದು ಬಟ್ಟಲಿಗೆ ಮುಖ ತಗ್ಗಿಸಿದ.

ಹೊರಗೆ ಬಂದ ಶಾರ್ಷೆನ್ ಮುಕಾಯ್‌ನ ತೋಳು ಹಿಡಿದ. “ಅಣ್ಣಾ, ನಿನ್ನ ಕಾಲಿಗೆ ಬೀಳ್ತೀನಿ. ನಿನ್ನ ಮಂದೇಲಿ ಒಂದು ಕುರಿ ಕೊಡು. ಮಾಂಸ ಅದರದ್ದು, ಹೆಸರು ಇದರದ್ದು. ಮಾವ ಬರೋ ಹೊತ್ತಿಗೆ ಟಗರು ಗೂಟದಲ್ಲಿ ಇರ್ಬೇಕು. ಇಲ್ಲಾಂದ್ರೆ ನಾನು ಸಾಯೋ ತನಕ ಈ ಕತ್ತೆ ಮೇಲೇನೇ.”

ಮುಕಾಯ್ ಗಡ್ಡ ಕೆರೆದುಕೊಂಡ. “ಇದು ಮೋಸ ಅಲ್ವಾ?”

“ಮೋಸಾನೇ.”

“ಸರಿ ಹಂಗಾದ್ರೆ. ನೇರವಾಗಿ ಹೇಳಿದ್ದು ನನಗೆ ಹಿಡಿಸ್ತು. ಆದ್ರೆ ಚಳಿಗಾಲಕ್ಕೆ ನನ್ನ ಮಂದೆಗೆಲ್ಲ ಹುಲ್ಲು ಕೊಯ್ದು ಒಟ್ಟೋನು ನೀನೇ.”

“ಮರ್ಯಾದೆಗೆ ನಾನೇ ಬಂಡೆ ಹಿಂದೆ ಕಡೀತೀನಿ,” ಎಂದು ಎಲ್ಲರಿಗೂ ಕೇಳುವ ಹಾಗೆ ಕೂಗಿ ಶಾರ್ಷೆನ್ ಟಗರನ್ನು ಕಮರಿಯ ಒಳಕ್ಕೆ ಎಳೆದುಕೊಂಡು ಹೊರಟ. ಆದರೆ ಟಗರಿಗೆ ಅವಸರ ಇರಲಿಲ್ಲ. ಹೊಳೆಯ ನಡುವೆ ತಂಪಾಗಿದೆ ಎಂದು ಕುಳಿತೇಬಿಟ್ಟಿತು. ಹಿಮ ಕರಗಿದ ನೀರು. ಶಾರ್ಷೆನ್ ಮುಂದಿನಿಂದ ಎಳೆದ, ಹಿಂದಿನಿಂದ ನೂಕಿದ, ಕಡೆಗೆ ಎತ್ತಲು ಹೋಗಿ ಅದರ ಪಕ್ಕದಲ್ಲಿ ತಾನೂ ಕುಳಿತ. ಸೊಂಟದ ಕೆಳಗೆ ತನ್ನದು ಎಂಬುದೇನೂ ಉಳಿದಂತೆ ಅನಿಸಲಿಲ್ಲ. ಮೇಲಿನಿಂದ ಐಪೆರಿ ಗಂಡನಿಗೆ ಹೇಳುವುದು ಕೇಳಿಸಿತು: “ನೋಡು, ಕಡಿಯೋ ಮುಂಚೆ ಸ್ನಾನ ಮಾಡಿಸ್ತಾರೆ. ಎಷ್ಟು ಶುದ್ಧ! ತೆಗಿ, ತೆಗಿ!”

“ಮುಂದಿನದು ಹೆಂಗಸರು ನೋಡಬಾರದು!” ಎಂದು ಶಾರ್ಷೆನ್ ಹಲ್ಲು ಕಡಿಯುತ್ತಾ ಕೂಗಿದ. ಅಂಥ ನಿಯಮ ಯಾವುದೂ ಇರಲಿಲ್ಲ. ಆದರೂ ದಂಪತಿ ಭಕ್ತಿಯಿಂದ ಹಿಂದಿರುಗಿದರು.

ಬಂಡೆಯ ಹಿಂದೆ ಮುಕಾಯ್ ತನ್ನ ಮಂದೆಯ ಅತಿ ಸಣಕಲು ಕುರಿಯನ್ನು ಹಿಡಿದು ನಿಂತಿದ್ದ. ಹೆಸರಿಗೆ ಕುರಿ, ನೋಡಲು ಚಳಿಗೆ ಕಂಬಳಿ ಹೊದ್ದ ಮೇಕೆ. ಟಗರನ್ನು ದೂರದ ಪೊದೆಯೊಳಗೆ ಕಟ್ಟಿ, ಬಾಯಿ ತುಂಬ ಹುಲ್ಲು ಕೊಟ್ಟು, ಇಬ್ಬರೂ ಕೆಲಸ ಮುಗಿಸಿದರು. ಮಾಂಸ ಹೊತ್ತುಕೊಂಡು ಬಂದಾಗ ಕಡಾಯಿಯಲ್ಲಿ ನೀರು ಕುದಿಯುತ್ತಿತ್ತು.

ಜಿಪಾರ್ ಅಕ್ಕ ತುಂಡುಗಳನ್ನು ಕೈಗೆತ್ತಿಕೊಂಡು ನೋಡಿದಳು. “ಅಲ್ಲಾ, ಅಷ್ಟು ದೊಡ್ಡ ಬಾಲಕ್ಕೆ ಇಷ್ಟೇನಾ ಕೊಬ್ಬು?”

“ಕತ್ತಿ ನೋಡಿ ಭಯಕ್ಕೆ ಕರಗಿಹೋಯ್ತು ಅಕ್ಕ,” ಎಂದ ಮುಕಾಯ್.

“ಟಗರು ಕಂದು ಬಣ್ಣ ಇತ್ತು. ಈ ತಲೆ ಕಪ್ಪಗಿದೆ,” ಎಂದ ಅಜಮತ್, ಮೊಬೈಲ್‌ನಲ್ಲಿ ಹಿಂದಿನ ವಿಡಿಯೋ ತೆರೆದು.

“ಬೆಂಕೀಲಿ ಕೂದಲು ಸುಟ್ಟ ಮೇಲೆ ನಿನ್ನ ತಲೇನೂ ಕಪ್ಪಗೇ ಇರತ್ತೆ ತಮ್ಮಾ. ಆ ಮಷೀನು ಒಳಗಿಡು, ಹಬೆ ತಾಗಿ ಕೆಟ್ಟೀತು,” ಎಂದ ಮುಕಾಯ್.

ಮಾಂಸ ಬೆಂದಿತು. ಬಯಲಿನ ಜನವೆಲ್ಲ ಡೇರೆಯೊಳಗೆ ಸುತ್ತ ಕುಳಿತರು. ಹಿರಿಯ ಅತಿಥಿಯ ಪಾಲಾದ ಕುರಿಯ ತಲೆಯನ್ನು ಶಾರ್ಷೆನ್ ತಟ್ಟೆಯಲ್ಲಿ ಅಜ್ಜನ ಮುಂದೆ ತಂದಿಟ್ಟ. ಅಜ್ಜ ಮೊದಲು ಆ ಕಡೆ ನೋಡಲೇ ಇಲ್ಲ. ಹೆಣದ ಮುಖ ನೋಡಲು ಹೆದರುವವರ ಹಾಗೆ ಒಂದೇ ಕಣ್ಣು ತೆರೆದ. ಆಮೇಲೆ ಎರಡೂ ಕಣ್ಣು ತೆರೆದ. ತಟ್ಟೆಯನ್ನು ಬೆಳಕಿಗೆ ತಿರುಗಿಸಿ, ಬಾಗಿ, ತುಟಿ ಸರಿಸಿ ಹಲ್ಲು ನೋಡಿದ. ಬೆಳಿಗ್ಗೆಯಿಂದ ಮೊದಲ ಸಲ ಅವನ ಗಡ್ಡದೊಳಗೆ ನಗು ಕಾಣಿಸಿತು.

“ಒಳ್ಳೇ ತಲೆ,” ಎಂದ. “ತುಂಬಾ ಒಳ್ಳೇ ತಲೆ.” ಒಂದು ಕಿವಿ ಕೊಯ್ದು ಶಾರ್ಷೆನ್ ಕೈಗೆ ಕೊಟ್ಟ. “ತಗೋ ಮಗಾ. ಬುದ್ಧಿವಂತ ನೀನು.”

ಹೇಗೂ ಪಾರಾದೆ ಎಂದು ಶಾರ್ಷೆನ್ ಆ ಕಿವಿಯನ್ನು ಸಕ್ಕರೆ ಮಿಠಾಯಿಯ ಹಾಗೆ ಚಪ್ಪರಿಸಿದ. ಅದೇ ಹೊತ್ತಿಗೆ ಹೊರಗೆ ಕುದುರೆ ಹೆಜ್ಜೆ ಕೇಳಿಸಿತು. ಸಂಜೆಗೆ ಬರಬೇಕಿದ್ದ ಮಾವ ಹೊತ್ತು ಇಳಿಯುವ ಮೊದಲೇ ಬಂದಿದ್ದರು. ಒಂದು ಕುದುರೆಯ ಹೆಜ್ಜೆಯಲ್ಲ, ಎರಡರದ್ದು.

ಶಾರ್ಷೆನ್ ಪರದೆ ಸರಿಸಿ ನೋಡಿ ಹಾಗೇ ನಿಂತ. ಮಾವ ಕೈಯಲ್ಲಿ ಹಗ್ಗ ಹಿಡಿದಿದ್ದರು. ಹಗ್ಗದ ತುದಿಯಲ್ಲಿ ಕೆಂಗಂದು ಬಣ್ಣದ ಹೆಣ್ಣು ಕುದುರೆ. ಹಣೆಯ ಮೇಲೆ ಹಾಲಿನ ಹನಿ ಬಿದ್ದಷ್ಟು ಬಿಳುಪು, ಬಿಸಿಲಿಗೆ ಹೊಳೆಯುವ ಮೈ. ಅದು ಶಾರ್ಷೆನ್‌ನನ್ನು ನೋಡಿ, ಬಹಳ ದಿನದ ಪರಿಚಯ ಇದ್ದ ಹಾಗೆ ಕಿವಿ ನಿಮಿರಿಸಿತು.

ಮಾವ ಒಳಗೆ ಬಂದವರೇ ಅಜ್ಜನನ್ನು ಕಂಡು ಕೈ ಚಾಚಿದರು. “ತೆಮಿರ್‌ಕುಲ್ ಅಣ್ಣ! ನಾನು ನಿಮ್ಮ ಕಮರೀಲಿ ಕುದುರೆ ಆರಿಸ್ದೆ. ನೀವು ನನ್ನ ಟಗರು ನೋಡಿದ್ರಾ? ಒಪ್ಪಿಗೆ ತಾನೆ? ಟಗರು ನಿಮ್ಮ ಮಂದೆಗೆ, ಕುದುರೆ ನನ್ನ ಅಳಿಯನಿಗೆ.”

ಡೇರೆಯೊಳಗೆ ಅಗಿಯುವ ಸದ್ದು ನಿಂತುಹೋಯಿತು.

ಶಾರ್ಷೆನ್ ಬಾಯಲ್ಲಿದ್ದ ಕಿವಿ ಅಲ್ಲೇ ಉಳಿಯಿತು. ಪೇಟೆಯ ಅಜ್ಜ ಪೇಟೆಯವನಲ್ಲ. ಐಪೆರಿಯ ತಾತನಲ್ಲ. ಹಾದಿಯಲ್ಲಿ ಸಿಕ್ಕ ಹುಡುಗರ ಗಂಟನ್ನು ಕನಿಕರದಿಂದ ಹೊತ್ತು ತಂದವನು, ಅಷ್ಟೆ. ತಾನು ಒಯ್ಯಬೇಕಾದ ಟಗರನ್ನೇ ಕಡಿಯಲಿಕ್ಕೆ ಅವನು ತನ್ನ ಬಾಯಿಂದಲೇ ಹರಸಿ ಕೂತಿದ್ದಾನೆ.

“ಬೈಸಾಲ್,” ಎಂದ ಅಜ್ಜ ಮೆಲ್ಲಗೆ, “ಟಗರಿಗೆ ಬಾತಾ ಆಗಿದೆ.”

ಮಾವ ತಟ್ಟೆ ನೋಡಿದರು. ತಲೆ ನೋಡಿದರು. ಅಳಿಯನನ್ನು ನೋಡಿದರು. ಗಾಳಿ ಇಲ್ಲದಿದ್ದರೂ ಅವರ ಮೀಸೆ ಅಲುಗಿತು. ಶಾರ್ಷೆನ್‌ಗೆ ಹೊರಗಿನ ಕೆಂಗಂದು ಕುದುರೆ ಬಾಲ ಬೀಸುವ ಸದ್ದು ಕೇಳಿಸಿತು. ಇನ್ನು ಮುಚ್ಚಿಟ್ಟು ಫಲವಿಲ್ಲ, ನಿಜ ಹೇಳಿದರೆ ಕುದುರೆ ಉಳಿಯುತ್ತದೆ ಎನಿಸಿ ಅವನು ಚಂಗನೆ ಎದ್ದ.

“ಮಾವಾ! ಟಗರು ಸತ್ತಿಲ್ಲ! ಬದುಕಿದೆ! ಒಂದು ಕೂದಲೂ ಕೊಂಕಿಲ್ಲ! ಇದು ಮುಕಾಯಣ್ಣನ ಕುರಿ. ಟಗರನ್ನ ಪೊದೇಲಿ ಬಚ್ಚಿಟ್ಟಿದೀನಿ!”

ಜಿಪಾರ್ ಅಕ್ಕ ಜಿಡ್ಡಿನ ಕೈಯಿಂದ ಕೆನ್ನೆ ಹಿಡಿದುಕೊಂಡಳು. ಮುಕಾಯ್ ಒಲೆಯ ಬೆಂಕಿ ನೋಡಿಕೊಳ್ಳಬೇಕೆಂದು ತಟ್ಟನೆ ನೆನಪಾಗಿ ಹೊರಗೆ ಹೋದ. ಐಪೆರಿ ಗಂಡನ ಕಡೆ ತಿರುಗಿ, “ಇದು ಆಟ ಅಲ್ವಾ?” ಎಂದಳು. ಅವಳ ದನಿಯೂ ಸಣ್ಣಗಾಗಿತ್ತು.

“ಅಜ್ಜ, ನಿಮಗೆ ತಲೆ ನೋಡಿದಾಗ್ಲೇ ಗೊತ್ತಾಗಿತ್ತಲ್ವಾ?” ಎಂದು ಶಾರ್ಷೆನ್ ಅವನ ಮಂಡಿ ಹಿಡಿದ. “ನೀವು ನಕ್ಕಿದ್ರಿ. ಬುದ್ಧಿವಂತ ಅಂದ್ರಿ!”

“ಗೊತ್ತಾಯ್ತಪ್ಪ. ಸಂತೋಷಾನೂ ಆಯ್ತು. ನೀನು ಬಾಯಿ ಮುಚ್ಕೊಂಡಿದ್ದಿದ್ರೆ ನಾನೂ ಮುಚ್ಕೊಂಡಿರ್ತಿದ್ದೆ. ಟಗರು ಕಡಿದಾಯ್ತು ಅಂತ ಎಲ್ಲಾರೂ ನಂಬ್ಕೊಂಡು ಎದ್ದು ಹೋಗ್ತಿದ್ರು. ಆಮೇಲೆ ಬೈಸಾಲ್ ಕಿವೀಲಿ ಒಂದು ಮಾತು ಹೇಳಿ, ಗುಡ್ಡದಾಚೆಗೆ ಸುಮ್ನೆ ಹೊಡ್ಕೊಂಡು ಹೋಗಿರ್ತಿದ್ದೆ.” ಅಜ್ಜ ಸುತ್ತ ಕೂತ ಜನರನ್ನು ಒಬ್ಬೊಬ್ಬರನ್ನಾಗಿ ನೋಡಿ ನಿಟ್ಟುಸಿರು ಬಿಟ್ಟ. “ಈಗ ಇಷ್ಟು ಜನರ ಮುಂದೆ ಹೇಳ್ಬಿಟ್ಟೆಯಲ್ಲ. ಕತ್ತಿಗೆ ಅಂತ ನಾನೇ ಹರಸಿದ ಪ್ರಾಣೀನ ಇವರ ಕಣ್ಣೆದುರು ಮಂದೆಗೆ ಹೇಗೆ ಸೇರಿಸ್ಲಿ? ತೆಮಿರ್‌ಕುಲ್ ಬಾಯಿ ಮಾತು ಬರೀ ಗಾಳಿ ಅಂತಾರೆ.”

“ಹಂಗಾದ್ರೆ ಬಾತಾ ಕೇಳ್ದಾಗ್ಲೇ ಬೇಡ ಅನ್ಬಾರ್ದಿತ್ತಾ ಅಜ್ಜ?”

“ಅತಿಥಿ ಆದವನು ಇಂಥದ್ದು ಕಡೀರಿ, ಇಂಥದ್ದು ಬಿಡಿ ಅಂತಾನೇನಪ್ಪಾ? ಕೋಳಿ ತನಕ ಇಳಿದೆನಲ್ಲ. ಇನ್ನೆಲ್ಲಿಗೆ ಇಳೀಲಿ?”

ಶಾರ್ಷೆನ್ ಮಾವನ ಕಡೆ ತಿರುಗಿದ. “ಮಾವ, ಹಂಗಾದ್ರೆ ಟಗರು ನಮ್ಮಲ್ಲೇ ಇರ್ಲಿ...”

ಮಾವ ತಲೆ ಆಡಿಸಿದರು. “ಬಾತಾ ಆದದ್ದು ನನ್ನ ಬಾಗಿಲಲ್ಲಿ,” ಎಂದರು. ಅಷ್ಟೇ. ಗೋಡೆಗೆ ಸಿಕ್ಕಿಸಿದ್ದ ತಮ್ಮ ಕತ್ತಿ ತೆಗೆದುಕೊಂಡು ಪೊದೆ ಎಲ್ಲಿದೆ ಎಂದು ಗಲ್ಲ ಎತ್ತಿ ಕೇಳಿದರು. ಶಾರ್ಷೆನ್ ಬೆರಳು ತೋರಿಸಿದ. ಆ ಬೆರಳು ಬಹಳ ಹೊತ್ತು ಕೆಳಗೆ ಇಳಿಯಲಿಲ್ಲ.

ಹೆಂಗಸರು ಕಡಾಯಿ ತೊಳೆದು ಮತ್ತೆ ನೀರು ತುಂಬಿದರು. ಹೊಟ್ಟೆ ತುಂಬಿದ್ದರೂ ಒಬ್ಬರೂ ಎದ್ದು ಹೋಗಲಿಲ್ಲ; ಬಾತಾ ಆದ ಮಾಂಸ ತಿನ್ನದೆ ಹೋಗುವ ಹಾಗೂ ಇರಲಿಲ್ಲ. ತೊಟ್ಟಿಲ ಶಾಸ್ತ್ರ ಮುಗಿಸಿ ಬಂದ ಬುರುಲ್, ಬಾಗಿಲಲ್ಲೇ ವಿಷಯ ಕೇಳಿ ಗಂಡನನ್ನು ನೋಡಿದಳು. ಬೈಯಲಿಲ್ಲ. ಒದ್ದೆಯಾಗಿದ್ದ ಅವನ ಬೂಟು ಬಿಚ್ಚಿಸಿ ಒಲೆಯ ಬದಿಗೆ ಇಟ್ಟಳು. ಅದರಿಂದ ಅವನಿಗೆ ಇನ್ನೂ ಅಳು ಬಂತು.

ಈ ಸಲ ಕಡಾಯಿಯ ಮೇಲೆ ಕೊಬ್ಬು ಬೆರಳು ದಪ್ಪಕ್ಕೆ ತೇಲಿತು. ಜಿಪಾರ್ ಅಕ್ಕ ಮಾತ್ರ, “ಈಗ ನೋಡಿ, ಇದು ಬಾಲ ಅಂದ್ರೆ,” ಎಂದು ತಡೆಯಲಾರದೆ ಅಂದಳು.

ಮಾವ ತಾವೇ ಮಾಂಸ ಹಂಚಿದರು. ದೊಡ್ಡ ತಲೆ ತೆಮಿರ್‌ಕುಲ್ ಅಜ್ಜನಿಗೆ. ಅಜ್ಜ ಅದರ ಹಣೆ ಒಮ್ಮೆ ಸವರಿ, ತಿನ್ನದೆ, ಹಾಗೇ ಕೂತ. ಬಾಲದ ಕೊಬ್ಬು ಹಿರಿಯರಿಗೆ, ತೊಡೆ ಪೇಟೆಯ ದಂಪತಿಗೆ. ಹೊರಗೆ ಕೆಂಗಂದು ಕುದುರೆಯನ್ನು ಅಜ್ಜನ ಕುದುರೆಯ ಪಕ್ಕದಲ್ಲಿ ಕಟ್ಟಲಾಗಿತ್ತು, ಒಟ್ಟಿಗೆ ವಾಪಸ್ ಹೋಗಲಿಕ್ಕೆ. ಪರದೆಯ ಸಂದಿನಿಂದ ಅದರ ಹಣೆಯ ಬಿಳುಪು ಮಾತ್ರ ಶಾರ್ಷೆನ್‌ಗೆ ಕಾಣುತ್ತಿತ್ತು.

ಕೊನೆಯಲ್ಲಿ ಮಾವ ಎದೆಯ ತುಂಡು ಎತ್ತಿಕೊಂಡರು. ಅದು ಅಳಿಯನ ಪಾಲು, ಯಾವಾಗಲೂ. ಅವನ ತಟ್ಟೆಯಲ್ಲಿ ಇಟ್ಟು, ಬೆರಳಿನ ಜಿಡ್ಡು ಒರೆಸಿಕೊಂಡು, ಚಿಟಿಕೆ ಉಪ್ಪಿನಷ್ಟು ಮಾತಾಡಿದರು:

“ತಿನ್ನು ಅಳಿಯಾ. ಇದೇ ನಿನ್ನ ಕುದುರೆ.”